ಸತ್ತ ಬಿಲ್ಲುಗಾರ್ತಿ ಮತ್ತು ಕುರುಗೋಡಿನ ಸಂಬಂಧ

ಕುರುಗೋಡಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಚೆಂದ. ಉಪ್ಪಿಟ್ಟು ಇನ್ನೂ ಚೆಂದ. ಜಾತಕ ಕೂಡಿತ್ತು. ಆದರೂ ಸಂಬಂಧ ಅಲ್ಲಿಗೇ ನಿಂತುಬಿಟ್ಟಿತು. ಕಾರಣ ಕೇಳಿದರೆ ನಗುತ್ತೀರಿ. ಕಂಪ್ಯೂಟರ್ ಗೇಮಿನಲ್ಲಿ ಒಬ್ಬ ಬಿಲ್ಲುಗಾರ್ತಿ ಸತ್ತಳು!

ನಗಬೇಡಿ. ನನಗಂತೂ ಅವತ್ತಿನಿಂದ ತಲೆ ಕೆಟ್ಟು ಕೆರ ಹಿಡಿದಿದೆ.

ಹುಡುಗ ನನ್ನ ತಮ್ಮನ ಮಗ ಎರ್ರಿಸ್ವಾಮಿ. ಸತ್ಯನಾರಾಯಣಪೇಟೆಯಲ್ಲಿ ಮನೆ. ಬಿಕಾಂ ಮುಗಿಸಿ, ಊರಿನ ಗಾಳಿಗೆ ತಕ್ಕಂತೆ ಎರಡು ಟಿಪ್ಪರ್ ಇಟ್ಟು ಅದಿರು ಹೊಡೆಸುತ್ತಾನೆ. (ಬಳ್ಳಾರಿಯಲ್ಲಿ ಈಗ ಹುಡುಗ ಏನು ಓದಿದ್ದಾನೆ ಎಂದು ಯಾರು ಕೇಳುತ್ತಾರೆ? ಎಷ್ಟು ಗಾಡಿ ಎಂದು ಕೇಳುತ್ತಾರೆ.) ಹುಡುಗಿ ನಾಗವೇಣಿ. ಅಪ್ಪನದು ಭತ್ತದ ಗದ್ದೆ. ಇವಳು ದಿನಾ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ, ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ.

ಈಗಿನ ಕಾಲ ನೋಡಿ, ‘ಇಬ್ಬರೂ ಮಾತಾಡ್ಕೊಳ್ರಿ’ ಎಂದು ಒಳಕೋಣೆಗೆ ಕಳಿಸಿದೆವು. ಬಾಗಿಲು ತೆರೆದಿತ್ತು. ನಮ್ಮ ಕಿವಿಯೂ. ಮೊದಲು ನಗು ಕೇಳಿತು. ಇಬ್ಬರೂ ಒಂದೇ ಗೇಮ್ ಆಡುವವರಂತೆ! ತಮ್ಮನ ಹೆಂಡತಿ ಕೂತಲ್ಲೇ ಮುಹೂರ್ತ ಇಟ್ಟುಬಿಟ್ಟಳು. ಆಮೇಲೆ ಒಳಗಿನ ದನಿ ಏರತೊಡಗಿತು.

“ಸತ್ತಾಕಿನ್ನ ಅಲ್ಲೇ ಬಿಟ್ಟು ಮುಂದ ಹೋಗಿಬಿಟ್ರೇನ್ರಿ?” ಇದು ಹುಡುಗಿ.

“ಮತ್ತೇನ್ ಮಾಡ್ಲಿ? ಬ್ಯಾರೇ ಒಬ್ಬಾಕಿ ಸಿಕ್ಳು. ಆಕಿನ್ನ ತಗೊಂಡೆ.” ಇದು ನಮ್ಮ ಮಹಾಶಯ.

ಹೊರಗೆ ಹುಡುಗಿಯ ತಾಯಿ ಕಾಫಿ ತಟ್ಟೆಯನ್ನು ನಮ್ಮ ಮುಂದಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ತಂದೆ ಗಂಟಲು ಸರಿಮಾಡಿಕೊಂಡು ಕೇಳಿದರು: “ಏನ್ರೀ, ನಿಮ್ಮ ಹುಡುಗಗ ಇದು ಎರಡನೇ ಸಂಬಂಧಾನಾ? ನಮಗ ಹೇಳೇ ಇಲ್ಲಲ್ರಿ!”

ಸತ್ತವಳು ಹೆಂಡತಿಯಲ್ಲ, ಹುಟ್ಟದೇ ಇರುವ ಬಿಲ್ಲುಗಾರ್ತಿ ಎಂದು ಅವರಿಗೆ ತಿಳಿಸುವಷ್ಟರಲ್ಲಿ ನನ್ನ ತಮ್ಮ ಬೆವರಿ ತೊಪ್ಪೆಯಾದ.

ಗೇಮ್ ಇಷ್ಟೇ. (ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಬಿಡಿ.) ಕೋಟೆ, ಮಂತ್ರವಾದಿ, ಬೆಂಕಿ ಉಗುಳುವ ಹಾವಿನಂಥ ಪ್ರಾಣಿ. ನೆಲವೆಲ್ಲ ಚೌಕ ಚೌಕ. ನಮ್ಮ ಪಾಳಿ ಬಂದಾಗ ನಮ್ಮವರನ್ನು ನಡೆಸಬೇಕು. ಆಮೇಲೆ ಕೈಕಟ್ಟಿ ಕೂರಬೇಕು, ವೈರಿಯ ಪಾಳಿ. ಚೌಕಾಬಾರಕ್ಕೆ ಕತ್ತಿ ಗುರಾಣಿ ಕೊಟ್ಟ ಹಾಗೆ. ಆದರೆ ಚೌಕಾಬಾರದಲ್ಲಿ ಕಡಿದ ಕಾಯಿ ಮತ್ತೆ ಹುಟ್ಟುತ್ತದೆ. ಇಲ್ಲಿ ಹುಟ್ಟುವುದಿಲ್ಲ. ಸತ್ತರೆ ಸತ್ತರು.

ಜಗಳ ಇದರ ಮೇಲೆಯೇ. ಯಾರಾದರೂ ಸತ್ತರೆ ಎರ್ರಿಸ್ವಾಮಿ ಉಳಿದವರನ್ನು ಕರೆದುಕೊಂಡು ಮುಂದೆ ಹೋಗುತ್ತಾನೆ. ನಾಗವೇಣಿ ಆ ಯುದ್ಧವನ್ನೇ ಅಳಿಸಿ ಮೊದಲಿನಿಂದ ಆಡುತ್ತಾಳೆ. ಎಲ್ಲರೂ ಉಳಿಯುವವರೆಗೆ ಆಡುತ್ತಾಳೆ. ‘ಹಂಗ ಆಡಿದ್ರ ಗೇಮ್ ಯಾವಾಗ ಮುಗೀತೈತಿ?’ ಎಂದು ಇವನು. ‘ಮುಗಿಸಾಕ ಯಾಕಷ್ಟು ಅವಸರ?’ ಎಂದು ಅವಳು. ಕೊನೆಗೆ ಹೆಣ್ಣಿನ ಕಡೆಯವರು, “ಮಾತಾಡಿ ತಿಳಿಸ್ತೀವ್ರಿ” ಎಂದರು. ಅದು ಗಂಡಿನ ಕಡೆಯವರು ಹೇಳುವ ಡೈಲಾಗು ಅಲ್ಲವೇ? ತಮ್ಮನಿಗೆ ಅದೇ ದೊಡ್ಡ ಪೆಟ್ಟು.

ಮಾರನೆಯ ದಿನ ತಮ್ಮ ಪಾರ್ವತಿನಗರದ ನನ್ನ ಮನೆಗೆ ಬಂದ. “ಅಕ್ಕಾ, ಹುಡುಗೀನ್ನ ನಾವು ವಿಚಾರಿಸಿದ್ವಿ. ನಮ್ಮ ಹುಡುಗನ್ನ ಅವ್ರು ವಿಚಾರಿಸಿದ್ರು. ಆ ಸುಡುಗಾಡು ಗೇಮ್ ಒಂದ ಉಳದೈತಿ. ನೀ ಪೇಪರಿಗೆ ಬರಿಯಾಕಿ, ಅದ್ನೂ ವಿಚಾರಿಸಿಬಿಡು. ಸತ್ತಾವ್ರನ್ನ ಬಿಟ್ಟು ಹೋಗೋ ಗೇಮ್ ಚೊಲೋ ಅಂದ್ರ ನಮ್ಮ ಹುಡುಗ ಗೆದ್ದ. ಕೆಟ್ಟದ್ದು ಅಂದ್ರ ಆ ಹುಡುಗಿ ಗೆದ್ಲು.”

ನಮ್ಮ ಕಡೆ ಸಂಬಂಧ ವಿಚಾರಿಸುವುದೆಂದರೆ ಸುಮ್ಮನೆ ಅಲ್ಲ. ಕಿರಾಣಿ ಅಂಗಡಿಯವನು, ಕಟಿಂಗ್ ಶಾಪಿನವನು, ಎದುರು ಮನೆಯವಳು, ಇವರ ಮಾತು ಜಾತಕಕ್ಕಿಂತ ಮೇಲು. ಸರಿ, ಗೇಮನ್ನೂ ಹಾಗೇ ವಿಚಾರಿಸೋಣ ಎಂದು ಸೆರಗು ಸಿಕ್ಕಿಸಿ ಹೊರಟೆ.

ಬ್ರೂಸ್‌ಪೇಟೆಯ ಸಂದಿಯಲ್ಲಿ ಖಾಜಾ ಸಾಹೇಬರ ಸೀಡಿ ಅಂಗಡಿ ಇದೆ. ಎರ್ರಿಸ್ವಾಮಿಗೆ ಆ ಗೇಮ್ ಮಾರಿದವರು ಅವರೇ. “ಹೆಂಗೈತ್ರೀ ಅದು?” ಎಂದೆ.

“ಏನ್ ಹೇಳ್ಲಿ ಅಕ್ಕಾ? ಗೇಮಿನ ಬುಕ್ಕಿನೋರು ಭಾರೀ ಮಾರ್ಕ್ಸ್ ಕೊಟ್ಟಾರ. ಗಿರಾಕಿ ಸೀಡಿ ತಂದು ಮುಖದ ಮ್ಯಾಲೆ ಒಗದು ಹೋಗ್ತಾರ.”

“ಅಂದ್ರ ಕೆಟ್ಟದ್ದು?”

“ಹಂಗಲ್ಲ. ಒಗದು ಹೋದಾವ್ರ ನಾಕ್ ದಿನ ಬಿಟ್ಟು ಬಂದು, ‘ಖಾಜಾ ಭಾಯ್, ಇನ್ನೊಂದ್ ಸಲ ಕೊಡ್ರಿ’ ಅಂತಾರ. ನನಗೂ ಸಮಜ್ ಆಗವಲ್ದು.”

ಅವರು ಕೊಟ್ಟ ಇಂಗ್ಲಿಷ್ ಮ್ಯಾಗಜಿನ್ ಓದಿದೆ. ಅದರ ವಿಮರ್ಶಕ ಮಹಾನುಭಾವನಿಗೆ ಸತ್ತವರು ಬಾರದಿರುವುದೇ ಗೇಮಿನ ಜೀವಾಳವಂತೆ. ಪ್ರತಿ ಹೆಜ್ಜೆಗೂ ತೂಕ ಬರುತ್ತದಂತೆ. ಸರಿ, ನಮ್ಮ ಹುಡುಗ ಗೆದ್ದ ಎಂದುಕೊಂಡೆ. ಇಂಟರ್ನೆಟ್ ಸೆಂಟರಿಗೆ ಹೋಗಿ ಕೂತರೆ ಇನ್ನೊಬ್ಬ ವಿಮರ್ಶಕ, ಇದು ಆಟವಲ್ಲ, ಶಿಕ್ಷೆ ಎಂದು ಬರೆದಿದ್ದ. ಕಾರಣ? ಅದೇ, ಸತ್ತವರು ಬರುವುದಿಲ್ಲ! ಹೊಗಳಿದ್ದಕ್ಕೂ ತೆಗಳಿದ್ದಕ್ಕೂ ಒಂದೇ ಕಾರಣವಾದರೆ ನನ್ನಂಥವಳು ಏನು ತಿಳಿಯಬೇಕು?

ಆಡುವವರು ಇನ್ನೂ ವಿಚಿತ್ರ. ಒಬ್ಬ ‘ಆಮೆ ನಡಿಗೆ, ಕಥೆ ಸೊನ್ನೆ’ ಎಂದು ಉಗಿದಿದ್ದಾನೆ. ಕೆಳಗೆ ನೋಡಿದರೆ ಅವನೇ ಮೂರನೆಯ ಸಲ ಆಡಿ ಮುಗಿಸಿದ್ದಾನೆ. ಇನ್ನೊಬ್ಬ, ಗೇಮಿನಲ್ಲಿ ತನ್ನ ಪಡೆಯ ವೈದ್ಯೆ ಸತ್ತಳೆಂದು ಊಟ ಬಿಟ್ಟನಂತೆ, ಹಾಗಾಗಿ ಇದಕ್ಕಿಂತ ಒಳ್ಳೆಯ ಗೇಮೇ ಇಲ್ಲವಂತೆ! ಬೈದವರೇ ಹೆಚ್ಚು ಆಡಿದ್ದಾರೆ. ಹೊಗಳಿದ ಕೆಲವರು ಅರ್ಧಕ್ಕೇ ಬಿಟ್ಟಿದ್ದಾರೆ. (ನಮ್ಮೂರಿನ ಅದಿರಿನ ಕೆಂಪು ಧೂಳಿನ ಕಥೆಯೂ ಇದೇ ಅಲ್ಲವೇ? ಬೈಯದವರಿಲ್ಲ. ಬೈಯುತ್ತಲೇ ಇನ್ನೊಂದು ಟಿಪ್ಪರ್ ಬುಕ್ ಮಾಡುತ್ತಾರೆ.) ತಮ್ಮ ಫೋನ್ ಮಾಡಿ ಗೆದ್ದವರು ಯಾರೆಂದು ಕೇಳಿದ. ಗೊತ್ತಿಲ್ಲ ಎಂದೆ. “ಇಷ್ಟು ಓದಿ ಇದಾ?” ಎಂದು ಫೋನ್ ಇಟ್ಟ.

ಇನ್ನು ಉಳಿದದ್ದು ಒಂದೇ ದಾರಿ. ಹುಡುಗಿಯನ್ನೇ ಕೇಳುವುದು. ಸಿರುಗುಪ್ಪದ ಬಸ್ಸು ಹತ್ತಿದೆ.

ಪಾಠ ಮುಗಿದಿತ್ತು. ನನ್ನನ್ನು ನೋಡಿ ನಾಗವೇಣಿ ಗಾಬರಿಯಾದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಗೇಮ್ ತೋರಿಸು ಎಂದೆ. ತೋರಿಸಿದಳು. ಕತ್ತಿಯವನನ್ನು ಮುಂದಿಟ್ಟಳು, ಬಿಲ್ಲುಗಾರ್ತಿಯನ್ನು ಗಿಡದ ಮರೆಗೆ ಸರಿಸಿದಳು. ವೈರಿಯ ಪಾಳಿ ಬಂತು. ಎಲ್ಲಿಂದಲೋ ಒಬ್ಬ ಬಂದು ಕೊಡಲಿ ಬೀಸಿದ. ಬಿಲ್ಲುಗಾರ್ತಿ ಬಿದ್ದಳು. ನನಗೇ ‘ಅಯ್ಯೋ’ ಎನಿಸಿತು, ನಿಜವಾಗಿ. ನಾಗವೇಣಿ ಉಸಿರೂ ಬಿಡದೆ ಮೊದಲಿನಿಂದ ಶುರು ಮಾಡಿದಳು.

“ಇಷ್ಟು ಕೆಟ್ಟ ಗೇಮ್ ಯಾಕ ಆಡ್ತೀಯವ್ವಾ?” ಎಂದೆ.

“ಕೆಟ್ಟದ್ದು ಅಂತ ಯಾರು ಅಂದ್ರು ಅಮ್ಮಾರ? ಭಾಳ ಚೊಲೋ ಗೇಮ್ ಐತಿ. ಅವ್ರು ಆಡೋ ರೀತೀನೂ ತಪ್ಪಲ್ಲ. ಭಾಳ ಮಂದಿ ಹಂಗ ಆಡ್ತಾರ.”

ನನಗೆ ಎಲ್ಲ ಕಲಸುಮೇಲೋಗರ. “ಮತ್ತ ಸಂಬಂಧ ಯಾಕ ನಿಂತೈತಿ?”

ಅವಳು ಗೇಮ್ ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಅವತ್ತು ನೀವೆಲ್ಲಾ ಹೊರಗ ಗದ್ದಲದಾಗ ಇದ್ದಾಗ ಒಳಗ ಮಾತಿಗೆ ಮಾತು ಬಂತ್ರಿ. ಅವ್ರ ಗಾಡಿ ಘಾಟಿನಾಗ ಪಲ್ಟಿ ಆಗಿತ್ತಂತ, ಡ್ರೈವರ್ ಕಾಲು ಮುರೀತಂತ. ಅವ್ರ ಹೇಳಿದ್ರು. ಈಗ ಹೆಂಗದಾನ ಅಂತ ಕೇಳಿದೆ. ‘ಬ್ಯಾರೇಯಾವ ಬಂದಾನ, ಗಾಡಿ ಓಡಾಕತ್ತೈತಿ’ ಅಂದ್ರು. ನಾ ಕೇಳಿದ್ದು ಗಾಡಿ ಅಲ್ಲಲ್ರಿ ಅಮ್ಮಾರ? ಅವನ ಹೆಸರೇನು ಅಂದೆ. ನೆನಪಿಲ್ಲ ಅಂದ್ರು. ಆ ಬಿಲ್ಲುಗಾರ್ತಿ ಹೆಸರು, ಆಕಿ ಊರು, ಆಕಿ ತಮ್ಮನ ಹೆಸರು, ಎಲ್ಲಾ ಹೇಳಿದ್ರು.”

ಗಂಡಿನ ಕಡೆಯವಳು ನಾನು. ‘ಹುಡುಗ ಒಳ್ಳೆಯವನು’ ಎನ್ನಲು ಬಾಯಿ ತೆರೆದೆ. ಒಳ್ಳೆಯವನೇ, ಅದರಲ್ಲಿ ಸುಳ್ಳಿಲ್ಲ. ನನಗೆ ಜ್ವರ ಬಂದಾಗ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಅವನು. ಆದರೆ ಅದನ್ನು ಹೇಳದೆ ಎದ್ದು ಬಸ್ಸು ಹತ್ತಿದೆ.

ಸಿರುಗುಪ್ಪದಿಂದ ನೆಟ್ಟಗೆ ಸತ್ಯನಾರಾಯಣಪೇಟೆಗೆ ಬಂದೆ. ಎಲ್ಲರೂ ಊಟಕ್ಕೆ ಕೂತಿದ್ದರು. “ಕಾಲು ಮುರಕೊಂಡ ಡ್ರೈವರ್ ಹೆಸರೇನ್ರಲೇ?” ಎಂದೆ.

“ಯಾವನು? ಆ ತೆಲುಗು ಮಾತಾಡಾವ್ನಾ?” ಎಂದ ತಮ್ಮ. “ಉದ್ದಕ್ಕಿದ್ದ, ಮೀಸಿ ಇತ್ತು. ನಮ್ಮನಿಯಾಗ ಉಣ್ಣಾಕ ಕುಂತ್ರ ಹಸಿ ಉಳ್ಳಾಗಡ್ಡಿ ಕೇಳ್ತಿದ್ದ” ಎಂದಳು ತಮ್ಮನ ಹೆಂಡತಿ. ಹೆಸರು ಅವಳಿಗೂ ಬರಲಿಲ್ಲ. ಪಲ್ಟಿಯಾದ ಗಾಡಿಯ ನಂಬರ್ ಕೇಳಿದೆ. ಇಬ್ಬರೂ ಒಟ್ಟಿಗೇ ಹೇಳಿದರು.

ಎರ್ರಿಸ್ವಾಮಿ ಎಡಗೈಯಲ್ಲಿ ಮೊಬೈಲ್ ಒತ್ತಿ ಒತ್ತಿ ನೋಡಿದ. “ಅತ್ತಿ, ‘ಡ್ರೈವರ್ ಟೂ’ ಅಂತ ಸೇವ್ ಮಾಡಿದ್ದೆ. ಹೊಸಬ ಬಂದ ಮ್ಯಾಲ ಅದ ಹೆಸರಿಗೆ ಇವನ ನಂಬರ್ ಹಾಕೀನಿ.” ಹೇಳಿ ಮುಗಿಸಿದವನು ತುತ್ತು ಎತ್ತಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ.

ಇವತ್ತು ಬೆಳಿಗ್ಗೆ ಟೀ ಕೂಡ ಕುಡಿಯದೆ ಬೈಕ್ ತೆಗೆದುಕೊಂಡು ಲಾರಿ ಸ್ಟ್ಯಾಂಡಿಗೆ ಹೋಗಿದ್ದಾನೆ, ಆ ಹೆಸರು ಕೇಳಿಕೊಂಡು ಬರಲು. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ. ಕುರುಗೋಡಿನವರು ಇವತ್ತು ಫೋನ್ ಮಾಡುತ್ತಾರೆ. ಏನು ಹೇಳಲಿ ಎಂದು ತಮ್ಮ ನನ್ನ ಮುಖ ನೋಡುತ್ತಿದ್ದಾನೆ. ನಾನು ಯಾರ ಮುಖ ನೋಡಲಿ? ಗೇಮ್ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಹೆಸರು ಸಿಕ್ಕ ಮೇಲೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ.

ಅಂದ ಹಾಗೆ, ನಿಮ್ಮ ಗಾಡಿ ಓಡಿಸುವವನ ಹೆಸರೇನ್ರಿ?