ಹೊನವಾಡದ ಕಟ್ಟೆಯ ಮೇಲೆ ಕುಳಿತವರು

ಮನಶ್ಶಾಸ್ತ್ರ ಓದಿ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು. ಮನೆಯೊಳಗಿನ ಹೊಡೆತ ಬಡಿತ ಎಳೆಯ ಮಕ್ಕಳ ಮನಸ್ಸನ್ನು ಮುರಿಯುವ ಮೊದಲೇ ಊರಿನವರನ್ನು ಕೂಡಿಸಿಕೊಂಡು ಅದನ್ನು ತಡೆಯುವುದು ನನ್ನ ಕೆಲಸ. ಬೆಳಿಗ್ಗೆ ವಿಜಯಪುರದಲ್ಲಿ ಬಸ್ಸು ಹತ್ತಿ ತಿಕೋಟಾ ದಾಟಿ ಹೊನವಾಡದಲ್ಲಿ ಇಳಿಯುತ್ತಿದ್ದೆ. ಚೀಲದ ತುಂಬ ಪ್ರಶ್ನಾವಳಿಗಳಿರುತ್ತಿದ್ದವು.

ಅಲ್ಲಿಯ ಅಂಗನವಾಡಿ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಅಕ್ಷರ ಕಲಿಸುವ ಹೆಂಗಸರನ್ನು ಕರೆಯುವಂತೆ ಊರೆಲ್ಲ ಅವರನ್ನು ಬಾಯಾರ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಯಾವ ಮಗು ಉಪವಾಸ ಬಂದಿದೆ, ಯಾವುದು ಅತ್ತು ಬಂದಿದೆ ಎಂಬುದು ಅವರಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಅದಕ್ಕೆ ನಾಲ್ಕು ಪುಟದ ನಮೂನೆ ಬೇಕಿತ್ತು.

ಐದು ವರ್ಷದ ಹುಡುಗಿಯೊಬ್ಬಳನ್ನು ಅವರೇ ನನಗೆ ತೋರಿಸಿದರು. ಹೊರಗೆ ಮೋಟರ್ ಸೈಕಲ್ ಸಪ್ಪಳವಾದರೆ ಸಾಕು, ಕಾಳಿನ ಡಬ್ಬಿಗಳ ಹಿಂದೆ ಹೋಗಿ ಕೂರುತ್ತಿದ್ದಳು. ಅಪ್ಪ ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯಲು ಹೋಗುವವನು. ಸಂಜೆ ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದ. ತಾಯಿ-ಮಗಳಿಬ್ಬರನ್ನೂ ವಾರಕ್ಕೊಮ್ಮೆ ವಿಜಯಪುರಕ್ಕೆ ಆಪ್ತಸಲಹೆಗೆ ಕಳಿಸೋಣ ಎಂದೆ. ಬಾಯಾರ ನನ್ನ ಮಾತನ್ನೆಲ್ಲ ಕೇಳಿ ಮೆಲ್ಲಗೆ ಹೇಳಿದರು:

"ನೀವು ಹೇಳೂದು ಖರೆ ಐತ್ರಿ ಮೇಡಮ್ಮಾರ. ಆದ್ರ ಅಕಿ ತಿರುಗಿ ಬರೂದು ಅದ ಮನಿಗೆ. ನಾಕು ದಿನ ನಮಗ ಬಿಡ್ರಿ."

ಅವರು ಮಾಡಿದ್ದು ಇಷ್ಟೇ. ಮೊದಲು ಆ ತಾಯಿಯನ್ನು ಕೇಳಿ ಒಪ್ಪಿಸಿದರು. ಆಮೇಲೆ ಹೊತ್ತು ಇಳಿಯುವಾಗ ಓಣಿಯ ಐದಾರು ಹೆಂಗಸರು ಜೋಳ ಹಸನು ಮಾಡುವ ಮೊರ ಹಿಡಿದು ಆ ಮನೆಯ ಕಟ್ಟೆಯ ಮೇಲೆ ಬಂದು ಕೂರತೊಡಗಿದರು. ಆತ ಬಂದರೆ ಯಾರೂ ಬುದ್ಧಿ ಹೇಳುತ್ತಿರಲಿಲ್ಲ. ಊಟವಾಯಿತೇ ಎಂದು ಕೇಳಿ ತಮ್ಮ ಮಾತು ಮುಂದುವರಿಸುತ್ತಿದ್ದರು. ಆತ ಮಲಗಿದ ಮೇಲೇ ಏಳುತ್ತಿದ್ದರು. ಸಿಟ್ಟು ಹೆಚ್ಚಾಗಿ ಆತ ಇನ್ನಷ್ಟು ಹೊಡೆದಾನು ಎಂದು ನನಗೆ ಭಯ. ಮೊದಲ ವಾರ ಬೈದಾಡಿದ್ದು ನಿಜ. ಆದರೆ ಅಷ್ಟು ಜನರ ಮುಂದೆ ಕೈ ಎತ್ತಲು ಅವನಿಂದಾಗಲಿಲ್ಲ.

ಸುಮಾರು ಒಂದು ತಿಂಗಳಾಗಿರಬೇಕು. ಒಂದು ಮುಂಜಾನೆ ನಾನು ಅಂಗನವಾಡಿಯಲ್ಲಿದ್ದಾಗಲೇ ಆತ ಕುಡಿಯದೆ ಬಂದು, ದಿನಾ ಯಾಕೆ ತನ್ನ ಮನೆಗೆ ಬರುತ್ತೀರಿ ಎಂದು ಬಾಯಾರನ್ನು ಕೇಳಿದ. ಅವರು ಉಪ್ಪಿಟ್ಟು ತಿರುವುತ್ತಲೇ ಅಂದರು:

"ನಿನ್ನ ಗಾಡಿ ಸಪ್ಪಳ ಕೇಳಿದ್ರ ನಿನ್ನ ಮಗಳು ಎಲ್ಲಿ ಅಡಗತಾಳ ಗೊತ್ತೈತೇನಪಾ? ಆ ಡಬ್ಬಿ ಹಿಂದ ನೋಡು."

ಅವನು ಗಾಡಿ ಮೇಲೇ ಬಂದಿದ್ದ. ಬಗ್ಗಿ ನೋಡಿದ. ಮಗಳು ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಕುಡಿತ ಬಿಡುವುದು ಹೇಗೆ ಎಂದು ನನ್ನನ್ನು ಕೇಳಿದ. ಮರುವಾರ ನನ್ನ ಜೊತೆ ಸರಕಾರಿ ಆಸ್ಪತ್ರೆಗೆ ಬಂದ. ಕುಡಿತ ಒಮ್ಮೆಲೇ ಬಿಡಲಿಲ್ಲ, ಎರಡು ಸಲ ಮತ್ತೆ ಜಾರಿದ. ಕೈ ಮಾತ್ರ ಮತ್ತೆ ಎತ್ತಲಿಲ್ಲ. ಆ ಹುಡುಗಿ ಈಗ ತಿಕೋಟಾದ ಕಾಲೇಜಿಗೆ ಹೋಗುತ್ತಾಳೆ, ಅಪ್ಪನ ಜೊತೆ ಗಟ್ಟಿಯಾಗಿ ವಾದ ಮಾಡುತ್ತಾಳೆ.

ಅದೇ ಉಪಾಯವನ್ನು ನಾನು ಬಬಲೇಶ್ವರದ ಕಡೆ ಒಯ್ದು ಸೋತೆ. ಅಲ್ಲಿ ಮನೆಗಳು ತೋಟಗಳಲ್ಲಿ ದೂರ ದೂರ, ಸಂಜೆ ಕಟ್ಟೆಗೆ ಬಂದು ಕೂರಲು ನೆರೆಯವರೇ ಇಲ್ಲ. ಬಾಯಾರ ಹತ್ತಿರ ಬಂದು ಏನು ಮಾಡಲಿ ಎಂದರೆ, "ಅಲ್ಲಿ ಮಂದೀನ ಕೇಳ್ರಿ. ನನಗೇನ ಗೊತ್ತು?" ಎಂದರು. ನನ್ನ ಪುಸ್ತಕಗಳು ಹತ್ತು ರೀತಿ ಹೇಳಿದ್ದ ಮಾತು ಅಂದು ತಲೆಗೆ ಹತ್ತಿತು. ಹೋಗಿ ಕೇಳಿದೆ. ಶಾಲೆ ಬಿಟ್ಟ ಮೇಲೆ ಅಂಥ ಮನೆಗಳ ಮಕ್ಕಳನ್ನು ಮನೆಗೆ ಅಟ್ಟದೆ, ರಾತ್ರಿ ಗದ್ದಲ ಅಡಗುವವರೆಗೆ ಒಂದು ಅಂಗಳದಲ್ಲಿ ತಾವೇ ಇಟ್ಟುಕೊಳ್ಳುತ್ತೇವೆಂದು ಕೆಲವು ಅಜ್ಜಿಯರು ಮುಂದೆ ಬಂದರು. ಆ ಅಂಗಳ ಇನ್ನೂ ನಡೆದಿದೆ. ಮೊನ್ನೆ ಹೋದಾಗ ಒಬ್ಬ ಅಜ್ಜಿ ಒಂದು ಹುಡುಗಿಗೆ ಜಡೆ ಹಾಕುತ್ತಾ, ಪಕ್ಕಕ್ಕೆ ಸರಿದು ನನಗೂ ಕೂರಲು ಜಾಗ ಕೊಟ್ಟರು.