ಯೋಡರನ ಗಂಟು

ಆಲ್ಪ್ಸ್‌ನ ಆ ಹಳ್ಳಿಯಲ್ಲಿ ಯೋಡರನಷ್ಟು ಹಿರಿಯ ಬೆಟ್ಟದ ಮಾರ್ಗದರ್ಶಿ ಬೇರೊಬ್ಬನಿರಲಿಲ್ಲ. ಮಾರ್ಗದರ್ಶಿಗಳ ಹಗ್ಗಗಳಿಗೆ ಪಾದ್ರಿ ತೀರ್ಥ ಚಿಮುಕಿಸುವ ಹಬ್ಬದ ಮರುದಿನ, ಅವನು ತಂಗಿಯ ಮಗಳು ಫಿಲೊಮೆನಾಳೊಂದಿಗೆ ಬೆಟ್ಟ ಹತ್ತಲು ಹೊರಟ. ಸಾಕಷ್ಟು ಮೇಲೇರಿದಾಗ, ಮುಂದಿನ ದಾರಿ ಗೋಡೆಯಷ್ಟೇ ಅಗಲ, ಎರಡೂ ಕಡೆ ಪ್ರಪಾತ. ಅಲ್ಲಿ ಕಾಲಿಡುವ ಮುನ್ನ ಇಬ್ಬರೂ ಒಂದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡರು. ಒಬ್ಬರ ಗಂಟನ್ನು ಇನ್ನೊಬ್ಬರು ಎಳೆದು ನೋಡುವ ವಾಡಿಕೆಯಂತೆ ಅವಳು ಅವನ ಸೊಂಟದ ಗಂಟಿಗೆ ಕೈ ಚಾಚಿದಳು.

“ನಿನ್ನೆ ತಾನೇ ಪಾದ್ರಿಗಳು ಹರಸಿದಾರಲ್ಲೇ. ನೀನು ಬೇರೆ ನೋಡ್ಬೇಕಾ?”

“ಅವರು ಹರಸಿದ್ದು ಹಗ್ಗಾನ, ಮಾವ. ನಿಮ್ಮ ಗಂಟನ್ನಲ್ಲ.”

ಅವಳು ಎಳೆದಳು. ಕಟ್ಟುವಾಗ ಮಾತಿನ ಭರದಲ್ಲಿ ಅವನು ಅರ್ಧಕ್ಕೇ ಬಿಟ್ಟಿದ್ದ ಗಂಟು ಬಿಚ್ಚಿಕೊಂಡು ಅವಳ ಕೈಗೇ ಬಂತು. ಯೋಡರನ ಕಿವಿಗಳು ಕೆಂಪಾದವು. ದೇವರ ಆಶೀರ್ವಾದವನ್ನು ತನ್ನ ಉದಾಸೀನಕ್ಕೆ ಮರೆ ಮಾಡಿಕೊಂಡೆನಲ್ಲ ಎಂದು ಕುಗ್ಗಿಹೋದ. ಮತ್ತೆ ಬಿಗಿದು, ತಲೆ ಎತ್ತದೆ, “ನೋಡಮ್ಮ” ಎಂದು ಅವಳ ಮುಂದೆ ನಿಂತ. ಅವಳು ಎಳೆದು ನೋಡಿ ಹೂಂ ಎಂದ ಮೇಲೆಯೇ ಹೆಜ್ಜೆ ಇಟ್ಟ.