ಔಷಧಕ್ಕೆ ಬಗ್ಗದ ರೋಗ, ರೋಗಕ್ಕೆ ಬಗ್ಗದ ಬೈರಮ್ಮನವರು

ಔಷಧಕ್ಕೆ ಬಗ್ಗದ ಕ್ಷಯರೋಗವು ದೇಶವಿದೇಶಗಳ ಸಮ್ಮೇಳನಗಳಲ್ಲಿ ಅಂಕಿಅಂಶಗಳಾಗಿ ಚರ್ಚೆಯಾಗುತ್ತಿದ್ದ ಕಾಲದಲ್ಲಿ, ಅದನ್ನು ಬನಶಂಕರಿಯಿಂದ ಅಂಜನಾಪುರದವರೆಗಿನ ಮನೆಮನೆಯ ಬಾಗಿಲಲ್ಲಿ ಎದುರಿಸಿ ನಿಂತವರು ಶ್ರೀಮತಿ ಬೈರಮ್ಮನವರು. ನಮ್ಮ ಕ್ಷಯ ಚಿಕಿತ್ಸಾ ಘಟಕದಲ್ಲಿ ಆರೋಗ್ಯ ಸಂದರ್ಶಕಿಯಾಗಿ ಮೂವತ್ತನಾಲ್ಕು ವರ್ಷ ದುಡಿದು ಈಗ ಅವರು ನಿವೃತ್ತರಾಗುತ್ತಿದ್ದಾರೆ. ಹುದ್ದೆಯಲ್ಲಿ ನಾನು ಅವರ ಮೇಲಧಿಕಾರಿ. ಕಲಿತದ್ದನ್ನು ಲೆಕ್ಕಕ್ಕೆ ಹಿಡಿದರೆ ಅವರ ಶಿಷ್ಯ.

ಅಂಜನಾಪುರದ ಹಳೆಯ ರೈತ ಕುಟುಂಬದಲ್ಲಿ ಜನಿಸಿದ ಅವರು ಹದಿನಾರನೆಯ ವಯಸ್ಸಿನಲ್ಲಿ ಅಕ್ಕನನ್ನು ಇದೇ ರೋಗಕ್ಕೆ ಕಳೆದುಕೊಂಡರು. ಮನೆಯವರು ಊರಿಗೆ ‘ವಿಷಜ್ವರ’ ಎಂದರು. ಆ ಮುಚ್ಚುಮರೆಯ ಮೇಲಿನ ಸಿಟ್ಟೇ ತಮ್ಮನ್ನು ಈ ಕೆಲಸಕ್ಕೆ ತಂದಿತೆಂದು ಅವರು ಹೇಳುವುದುಂಟು.

ನಾನು ವೈದ್ಯಾಧಿಕಾರಿಯಾಗಿ ಬಂದದ್ದು ೨೦೧೮ರಲ್ಲಿ. ಆಗ ಪದ್ಮನಾಭನಗರದಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ ಸೌಮ್ಯ ಎಂಬ ತರುಣಿ ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಸಾಮಾನ್ಯ ಮಾತ್ರೆಗಳು ನಾಟದ ಕ್ಷಯ. ತಿಂಗಳುಗಟ್ಟಲೆ ದಿನವೂ ಇಂಜೆಕ್ಷನ್. ನಾಲ್ಕನೆಯ ತಿಂಗಳಲ್ಲಿ ಅವರು ಬರುವುದನ್ನು ನಿಲ್ಲಿಸಿದರು. ಗೈರುಹಾಜರಿಯ ಗಡುವು ಮುಗಿಯಿತೆಂದು ನಾನು ರಿಜಿಸ್ಟರಿನಲ್ಲಿ ‘ಚಿಕಿತ್ಸೆ ಬಿಟ್ಟವರು’ ಎಂದು ಬರೆದೆ, ಮೇಲಿನ ಕಚೇರಿಗೂ ಕಳಿಸಿದೆ. ಮರುದಿನ ಬೈರಮ್ಮನವರು ಆ ಮನೆಗೆ ಹೋಗಿಬಂದು ರಿಜಿಸ್ಟರನ್ನು ನನ್ನ ಮುಂದಿಟ್ಟರು.

“ಇದನ್ನ ಹೊಡೆದ್ಹಾಕಿ ಸಾರ್. ಆ ಹುಡುಗಿ ಬೇಕಂತ ಬಿಟ್ಟಿಲ್ಲ. ಇಂಜೆಕ್ಷನ್ ಅವಳ ಕಿವಿ ತಿಂತಿದೆ. ಮಕ್ಕಳು ಏನ್ ಕೇಳ್ತಾರೆ ಅನ್ನೋದೇ ಕೇಳಿಸ್ತಿಲ್ಲ ಅವಳಿಗೆ.”

“ಜೀವ ಉಳೀಬೇಕಂದ್ರೆ ಸ್ವಲ್ಪ ಸಹಿಸ್ಕೋಬೇಕಲ್ವಾ?” ಎಂದೆ.

“ಕಿವಿ ನಿಮ್ದಾಗಿದ್ರೆ ಹಿಂಗೇ ಅಂತಿದ್ರಾ?”

ಬರೆದದ್ದನ್ನು ನಾನೇ ಹೊಡೆದುಹಾಕಿದೆ.

ಅಷ್ಟರಲ್ಲಿ ಸೌಮ್ಯ ಅವರ ಮನೆ ಮಾಲೀಕ ಮಾರಯ್ಯನವರು ಮನೆ ಖಾಲಿ ಮಾಡಲು ಹೇಳಿದ್ದರು. ಬೈರಮ್ಮನವರು ಅವರ ಜಗಲಿಯಲ್ಲೇ ಕೂತು ಮಾತಾಡಿದರು. “ಇಷ್ಟು ವರ್ಷದಿಂದ ಇಂಥೋರ ಜೊತೆನೇ ಇದೀನಿ ಅಣ್ಣ, ಚೆನ್ನಾಗೇ ಇದೀನಿ. ಅವಳನ್ನ ಓಡಿಸಿದ್ರೆ ಔಷಧಿ ತಪ್ಪುತ್ತೆ, ಕಾಯಿಲೆ ಇನ್ನೊಂದು ಬೀದಿಗೆ ಹೋಗುತ್ತೆ. ಕಿಟಕಿ ತೆಗ್ಸಿ, ಮಾತ್ರೆ ನಾನ್ ನುಂಗಿಸ್ತೀನಿ.” ಮಾರಯ್ಯನವರು ಒಪ್ಪಿದ್ದು ಎರಡನೆಯ ದಿನ.

ಇಂಜೆಕ್ಷನ್ ಬೇಕಿಲ್ಲದ ಹೊಸ ಮಾತ್ರೆಯೊಂದು ಆಗ ಬಂದಿತ್ತು. ಆದರೆ ತಜ್ಞರ ಸಮಿತಿ ಒಪ್ಪಬೇಕಿತ್ತು. ನಾವು ಕಳಿಸಿದ ಅರ್ಜಿ ತಿರುಗಿಬಂತು. ಕಾರಣ: ರೋಗಿಯು ಚಿಕಿತ್ಸೆ ಬಿಟ್ಟಿದ್ದಾರೆ. ಮೇಲಿನ ಕಚೇರಿಗೆ ನಾನೇ ಕಳಿಸಿ, ಅಲ್ಲಿ ತಿದ್ದಿಸದೆ ಬಿಟ್ಟಿದ್ದ ಮಾತು. ಬೈರಮ್ಮನವರು ಸೌಮ್ಯ ಅವರ ಕಿವಿ ಪರೀಕ್ಷೆಯ ವರದಿ ಹಿಡಿದು ಸಮಿತಿಯ ಕೋಣೆಯ ಹೊರಗೆ ಎರಡು ದಿನ ಕೂತರು. ಎದ್ದು ಹೋಗೆಂದರೂ ಏಳಲಿಲ್ಲ. ಮೂರನೆಯ ದಿನ ನನ್ನನ್ನೂ ಕರೆದರು.

“ಬರೆದೋರು ನೀವು ಸಾರ್. ತಪ್ಪಾಯ್ತು ಅನ್ನೋದೂ ನೀವೇ.”

ಹಿರಿಯ ವೈದ್ಯರೆಲ್ಲರ ಮುಂದೆ ನಿಂತು, ರೋಗಿಯನ್ನು ನೋಡದೆಯೇ ಬರೆದೆನೆಂದು ಒಪ್ಪಿಕೊಂಡೆ. ಅಂದು ಸಂಜೆ ಮಾತ್ರೆಗೆ ಮಂಜೂರಾತಿ ಸಿಕ್ಕಿತು. ಅಂದಿನಿಂದ ನಾನು ಮನೆಗೆ ಹೋಗಿ ನೋಡದೆ ಯಾರ ಹೆಸರಿನ ಮುಂದೆಯೂ ಆ ಎರಡು ಪದ ಬರೆದಿಲ್ಲ.

ಸೌಮ್ಯ ಗುಣಮುಖರಾದರು. ಎಡಗಿವಿ ಮರಳಲಿಲ್ಲ. ಇಂದಿಗೂ ಪಾಠ ಹೇಳುತ್ತಾರೆ. ಮಕ್ಕಳನ್ನು ಬಲಗಡೆಗೆ ಕೂರಿಸಿಕೊಳ್ಳುತ್ತಾರೆ. ಆ ಒಂದು ಕಿವಿಗೆ ನಾವು ತಡವಾಗಿ ಹೋದೆವೆಂಬುದನ್ನು ಬೈರಮ್ಮನವರು ಈಗಲೂ ಕ್ಷಮಿಸಿಲ್ಲ, ತಮ್ಮನ್ನೂ ನನ್ನನ್ನೂ.

ಈಗ ಆರೇ ತಿಂಗಳ ಚಿಕಿತ್ಸೆ ಬಂದಿದೆ, ಇಂಜೆಕ್ಷನ್ ಹೋಗಿದೆ. ರೋಗವಿನ್ನೂ ಹೋಗಿಲ್ಲ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಸುದ್ದಿ ತಿಳಿಸಿದಾಗ ಬೈರಮ್ಮನವರು ಅಂದದ್ದಿಷ್ಟು: “ಹೊಗಳೋದು ಆಮೇಲಿರ್ಲಿ ಸಾರ್. ಗಿರಿನಗರದಲ್ಲಿ ಇಬ್ರು ಹೊಸಬರಿದಾರೆ. ಸೋಮವಾರ ನಾನಂತೂ ಹೋಗ್ತೀನಿ. ನೀವು ಬರ್ತೀರಾ?”

ಬರುತ್ತೇನೆ ಬೈರಮ್ಮನವರೇ. ಆಯುಷ್ಯವೂ ಆರೋಗ್ಯವೂ ತುಂಬಿ ನೀವು ನಮ್ಮ ಮುಂದೆ ನಡೆಯುತ್ತಿರಿ. ಕೊನೆಯ ರೋಗಿ ಗುಣವಾದ ದಿನ ಇಬ್ಬರೂ ನಿವೃತ್ತರಾಗೋಣ.

ಡಾ. ಮಾಧವ